ಕೊಟ್ಟ ಮಾತು, ಕಳೆದ ಗಂಟೆ: ಪೆಪ್‌ನಿಂದ ಪ್ರೆಪ್‌ವರೆಗಿನ ಒಂದು ಪ್ರಕರಣ

ನಾನು ಬೆಂಗಳೂರಿನ ಒಂದು ಸಣ್ಣ ದತ್ತಿ ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚಕಿ. ಪೆಪ್, ಪ್ರೆಪ್ ಅಂದರೆ ಎಚ್‌ಐವಿ ಬರದಂತೆ ತಡೆಯಲು ನಾವು ಕೊಡುವ ಮಾತ್ರೆಗಳು. ವಾರಕ್ಕೆ ಆರು ದಿನ ಬಾಗಿಲು ತೆಗೆದಿರುತ್ತೇವೆ, ಭಾನುವಾರ ರಜೆ. ಈ ಭಾನುವಾರದ ರಜೆ ಮುಂದೆ ಬರುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಇಲ್ಲಿ ಬರುವ ಹುಡುಗನಿಗೆ ಶಂಕರ ಅಂತ ಹೆಸರಿಟ್ಟಿದ್ದೇನೆ. ಊರು, ಕೆಲಸ, ವಯಸ್ಸು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಬದಲಿಸದೆ ಬಿಟ್ಟಿರುವುದು ಗಂಟೆಗಳನ್ನು ಮಾತ್ರ. ಬರೆಯಲು ಅವನ ಒಪ್ಪಿಗೆ ಇದೆ. ಕರಡನ್ನು ಓದಿ ಎರಡು ಕಡೆ ಪೆನ್ನಿನಿಂದ ಹೊಡೆದು ಹಾಕಿದ. ಒಂದು ಅವನ ಅಮ್ಮನ ವಿಷಯ. ಇನ್ನೊಂದು ನಾನು ಅವನನ್ನು ಹೊಗಳಿದ್ದು.

ಹಿನ್ನೆಲೆ

ಶಂಕರನಿಗೆ 26 ವರ್ಷ. ಹಳೇ ಮೈಸೂರು ಕಡೆಯ ಒಂದು ಹಳ್ಳಿಯವನು. ಇಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾನೆ. ಗಂಡಸರ ಪಿ.ಜಿ.ಯಲ್ಲಿ ವಾಸ, ಒಂದು ರೂಮಿಗೆ ಮೂವರು. ಅವನಿಗೆ ಇಷ್ಟವಾಗುವುದು ಗಂಡಸರು. ಇದು ಮನೆಯಲ್ಲಿ ಗೊತ್ತಿಲ್ಲ, ರೂಮಿನಲ್ಲೂ ಗೊತ್ತಿಲ್ಲ. ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿದ್ದರು.

ಮಾತ್ರೆಗಳ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಎಚ್‌ಐವಿ ಒಳಗೆ ಹೋಗಿರಬಹುದು ಎಂಬ ಘಟನೆ ಆದ ಮೇಲೆ ತೆಗೆದುಕೊಳ್ಳುವುದು ಪೆಪ್. ಆದಷ್ಟು ಬೇಗ ಶುರು ಮಾಡಬೇಕು, ಎರಡು ಗಂಟೆಯೊಳಗೆ ಆದರೆ ತುಂಬಾ ಒಳ್ಳೆಯದು. 72 ಗಂಟೆ ದಾಟಿದರೆ ಕೊಡುವುದಿಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿ ಒಂದೇ ಮಾತ್ರೆಯಲ್ಲಿರುತ್ತದೆ. ದಿನಕ್ಕೆ ಒಂದು, 28 ದಿನ. ಘಟನೆಗೆ ಮೊದಲೇ, ಅಪಾಯ ಇರುವಷ್ಟು ಕಾಲ ತೆಗೆದುಕೊಳ್ಳುವುದು ಪ್ರೆಪ್. ಇದರಲ್ಲಿ ಎರಡೇ ಔಷಧಿ, ಟೆನೊಫೊವಿರ್ ಮತ್ತು ಎಮ್ಟ್ರಿಸಿಟಬಿನ್. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2012ರ ಜುಲೈನಲ್ಲಿ.

ಮೂರು ಯಾಕೆ, ಎರಡು ಯಾಕೆ ಅನ್ನುವುದು ಈ ಪ್ರಕರಣದಲ್ಲಿ ದೊಡ್ಡ ವಿಷಯವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸಲ: 42 ಗಂಟೆ

ಶನಿವಾರ ರಾತ್ರಿ ಹನ್ನೊಂದೂವರೆ. ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರ ಮನೆ. ಕಾಂಡೋಮ್ ಹರಿಯಿತು. ಶಂಕರನಿಗೆ ಗಾಬರಿ. ಆ ಮನುಷ್ಯ "ನನಗೇನೂ ಇಲ್ಲ ಬಿಡಿ" ಅಂದರಂತೆ. ಬೆಳಿಗ್ಗೆ ಮೆಸೇಜ್ ಮಾಡಿ ಕೇಳಿದರೆ ಬ್ಲಾಕ್ ಆಗಿತ್ತು.

ಭಾನುವಾರ ಬೆಳಿಗ್ಗೆ ಪಿ.ಜಿ. ಹತ್ತಿರದ ಮೆಡಿಕಲ್ ಶಾಪಿಗೆ ಹೋದ. ಮೊಬೈಲಿನಲ್ಲಿ ಮಾತ್ರೆಯ ಹೆಸರು ತೋರಿಸಿದ. ಅಂಗಡಿಯವರು ಚೀಟಿ ಬೇಕು ಅಂದರು. ಅದು ಸರಿಯಾದ ಮಾತೇ, ಚೀಟಿ ಇಲ್ಲದೆ ಕೊಡಬಾರದು. ಆದರೆ ಚೀಟಿ ಬರೆಯುವವರು ಭಾನುವಾರ ಎಲ್ಲಿ ಸಿಗುತ್ತಾರೆ? ನಮ್ಮ ಕ್ಲಿನಿಕ್ಕಿಗೆ ಬೀಗ.

ಸಂಜೆ ಒಂದು ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದ. ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಹಿಂದೆ ಆರು ಜನರ ಸಾಲು. ಅವಳು ಕಂಪ್ಯೂಟರ್ ನೋಡುತ್ತಲೇ ಕೇಳಿದಳು: "ಏನ್ ಪ್ರಾಬ್ಲಂ ಸಾರ್?"

"ಹೊಟ್ಟೆನೋವು," ಅಂದ ಶಂಕರ.

ಒಳಗೆ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಆಗಲಾದರೂ ಹೇಳಬಹುದಿತ್ತು. ಪರದೆಯ ಆಚೆ ಯಾರದೋ ಮಾತು ಕೇಳಿಸುತ್ತಿತ್ತು, ಹಾಗಾದರೆ ಅವನ ಮಾತೂ ಆಚೆ ಕೇಳಿಸುತ್ತದೆ ಅಲ್ವಾ ಅಂತ ಸುಮ್ಮನಾದ. ಗ್ಯಾಸ್ಟ್ರಿಕ್ ಅಂತ ಬರೆದು, ಅಗಿಯುವ ಆ್ಯಸಿಡಿಟಿ ಮಾತ್ರೆ ಕೊಟ್ಟು ಕಳಿಸಿದರು. ಬಿಲ್ ಕಟ್ಟಿ ಬಂದ. ಆ ಆ್ಯಸಿಡಿಟಿ ಮಾತ್ರೆ ನೆನಪಿಟ್ಟುಕೊಳ್ಳಿ.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕೂತು 1097ಕ್ಕೆ ಫೋನ್ ಮಾಡಿದ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ಹೆಸರು ಕೇಳಲಿಲ್ಲ, "ಇವತ್ತೇ ಹೋಗಿ, ನಾಳೆ ಅನ್ನಬೇಡಿ" ಅಂದರು. ಸಂಜೆ ಐದೂವರೆಗೆ ನಮ್ಮ ಬಾಗಿಲಲ್ಲಿದ್ದ. ಲೆಕ್ಕ ಹಾಕಿದರೆ 42 ಗಂಟೆ.

ಕ್ಲಿನಿಕ್ಕಿನಲ್ಲಿ ಮೊದಲ ತೀರ್ಮಾನ ಔಷಧಿ ಕೊಡಬೇಕೋ ಬೇಡವೋ ಎಂಬುದು. ಎಲ್ಲ ಘಟನೆಗೂ ಪೆಪ್ ಬೇಕಾಗುವುದಿಲ್ಲ. ಎದುರಿನವರಿಗೆ ಎಚ್‌ಐವಿ ಇದ್ದು, ಅವರು ಸರಿಯಾಗಿ ಚಿಕಿತ್ಸೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಸಿಗದಷ್ಟು ಕಡಿಮೆಯಾಗಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಇಲ್ಲಿ ಎದುರಿನವರ ಸ್ಥಿತಿ ಗೊತ್ತಿಲ್ಲ, ಕೇಳುವ ದಾರಿಯೂ ಮುಚ್ಚಿದೆ. ಶಂಕರ ಇದ್ದದ್ದು ಹೆಚ್ಚು ಅಪಾಯ ಇರುವ ಕಡೆಯಲ್ಲಿ. ಗುದ ಸಂಭೋಗದಲ್ಲಿ ಒಳಗೆ ಪಡೆಯುವವರಿಗೆ, ಎದುರಿನವರು ಚಿಕಿತ್ಸೆ ಪಡೆಯದ ಸೋಂಕಿತರಾಗಿದ್ದರೆ, ಒಂದು ಸಲಕ್ಕೆ ಹೆಚ್ಚು ಕಡಿಮೆ 100ಕ್ಕೆ 1.4ರಷ್ಟು ಅಪಾಯ. ಆಸ್ಪತ್ರೆಯಲ್ಲಿ ಸೋಂಕಿತರ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ ಇರುವ ಅಪಾಯ ಸುಮಾರು 1000ಕ್ಕೆ 3. ಸೂಜಿ ಚುಚ್ಚಿದರೆ ಓಡಿ ಹೋಗಿ ಮಾತ್ರೆ ಕೊಡುತ್ತೇವೆ. ಹಾಗಿದ್ದ ಮೇಲೆ ಇವನಿಗೆ ಯೋಚನೆ ಮಾಡುವುದೇನಿದೆ ಅಂದರು ನಮ್ಮ ಡಾಕ್ಟರು.

ಎರಡನೆಯ ತೀರ್ಮಾನ ಹೊತ್ತಿನದು. ಶಂಕರ ಹೇಳಿದ: "ರಕ್ತದ ರಿಪೋರ್ಟ್ ಎಲ್ಲಾ ಬರಲಿ ಮೇಡಂ, ನಾಳೆ ಶುರು ಮಾಡ್ತೀನಿ." ಲೆಕ್ಕಪತ್ರದವನ ಬುದ್ಧಿ, ವೋಚರ್ ಇಲ್ಲದೆ ಖರ್ಚು ಬರೆಯಲ್ಲ. ಅವನ ಒಪ್ಪಿಗೆ ಪಡೆದು ಮಾಡಿದ ಎಚ್‌ಐವಿ ರ‍್ಯಾಪಿಡ್ ಟೆಸ್ಟ್ ಅರ್ಧ ಗಂಟೆಯಲ್ಲಿ ನೆಗೆಟಿವ್ ಬಂತು. ಈ ನೆಗೆಟಿವ್ ಶನಿವಾರದ ರಾತ್ರಿಯ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕಿಂತ ಹಿಂದಿನ ಲೆಕ್ಕ ಅದು. ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಕಿಡ್ನಿಗಾಗಿ ಕ್ರಿಯಾಟಿನಿನ್, ಇವೆಲ್ಲ ಮರುದಿನ ಬರುವಂಥವು. ಡಾಕ್ಟರು ಕಾಯಲಿಲ್ಲ. ಒಂದು ಲೋಟ ನೀರು ತರಿಸಿ ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು.

ಯಾಕಿಷ್ಟು ಅವಸರ ಅಂದರೆ, ವೈರಸ್ ಒಳಗೆ ಬಂದ ತಕ್ಷಣ ಮೈಯೆಲ್ಲ ಹರಡುವುದಿಲ್ಲ. ಮೊದಲು ಬಂದ ಜಾಗದ ಕೆಲವು ಜೀವಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ಹತ್ತಿರದ ದುಗ್ಧರಸ ಗ್ರಂಥಿಗಳಿಗೆ ಹೋಗಲು ಎರಡು ಮೂರು ದಿನ ಹಿಡಿಯುತ್ತದೆ. ಟೆನೊಫೊವಿರ್, ಲ್ಯಾಮಿವುಡಿನ್ ವೈರಸ್ ತನ್ನ ನಕಲು ಬರೆಯುವುದನ್ನು ನಿಲ್ಲಿಸುತ್ತವೆ. ಡೊಲುಟೆಗ್ರಾವಿರ್ ಆ ನಕಲು ನಮ್ಮ ಜೀವಕೋಶದ ಒಳಗಿನ ಬರಹದಲ್ಲಿ, ಅಂದರೆ ಡಿಎನ್‌ಎಯಲ್ಲಿ, ಸೇರಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಒಂದು ಸಲ ಸೇರಿಕೊಂಡರೆ ತೆಗೆಯುವ ಔಷಧಿ ಇನ್ನೂ ಇಲ್ಲ.

28 ದಿನ

ಮರುದಿನದ ವರದಿಗಳೆಲ್ಲ ಚೆನ್ನಾಗಿದ್ದವು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಲಿಲ್ಲ, ಮೊದಲ ಡೋಸ್ ಕೊಟ್ಟೆವು.

ಮಾತ್ರೆಯ ಬಾಟಲಿ ಅವನಿಗೆ ದೊಡ್ಡ ತಲೆನೋವಾಯಿತು. ಲೇಬಲ್ ಕಿತ್ತು ಹಾಕಿದ. ಆದರೆ ಬಾಟಲಿ ಎತ್ತಿದರೆ ಗಲಗಲ ಸದ್ದು. ಮೂವರು ಮಲಗುವ ರೂಮಿನಲ್ಲಿ ರಾತ್ರಿ ಹತ್ತು ಗಂಟೆಗೆ ಆ ಸದ್ದು ಎಷ್ಟು ಜೋರಾಗಿ ಕೇಳಿಸುತ್ತದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅವನೇ ಉಪಾಯ ಕಂಡುಕೊಂಡ, ಬಾಟಲಿಯೊಳಗೆ ಹತ್ತಿ ತುರುಕಿದ. ಈಗ ನಾನು ಎಲ್ಲರಿಗೂ ಹತ್ತಿಯ ವಿಷಯ ಹೇಳುತ್ತೇನೆ.

ಒಂಬತ್ತನೇ ದಿನ ನಾನು ಫೋನ್ ಮಾಡಿದೆ. ನಿದ್ದೆ ಬರುತ್ತಿಲ್ಲ, ಹೊಟ್ಟೆ ಉಬ್ಬರ, ವಾಕರಿಕೆ ಅಂದ. ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿ ಅಂದೆ. ಫೋನ್ ಇಡುವ ಹೊತ್ತಿಗೆ ಸುಮ್ನೆ ಕೇಳಿದೆ: "ಉಬ್ಬರಕ್ಕೆ ಏನಾದರೂ ತಗೋತಿದ್ದೀರಾ?"

"ಅವತ್ತು ಆಸ್ಪತ್ರೆಲಿ ಕೊಟ್ಟಿದ್ದು ಇದೆಯಲ್ಲ ಮೇಡಂ, ಅದನ್ನೇ ಜೊತೆಗೆ ಅಗೀತೀನಿ."

ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವ ಆ್ಯಸಿಡಿಟಿ ಮಾತ್ರೆ ಅಥವಾ ದ್ರವ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಡೊಲುಟೆಗ್ರಾವಿರ್ ತೆಗೆದುಕೊಂಡು ಎರಡು ಗಂಟೆ ಆದ ಮೇಲೆ ಅದನ್ನು ಅಗಿಯಬಹುದು. ಮೊದಲೇ ಅಗಿದಿದ್ದರೆ ಆರು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಹೀಗೇ, ಆದರೆ ಊಟದ ಜೊತೆ ತೆಗೆದುಕೊಂಡರೆ ಎರಡೂ ಒಟ್ಟಿಗೆ ಆಗಬಹುದು. ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಹೇಳಿದ್ದೆ ಅಂತ ನನ್ನ ಕಾರ್ಡಿನಲ್ಲಿ ಟಿಕ್ ಇದೆ. ಆದರೆ ಅವತ್ತು ಅವನ ಕಿವಿಗೆ ಏನೂ ಹೋಗಿರಲಿಲ್ಲ ಅನ್ನುವುದು ಅವನ ಮುಖ ನೋಡಿದ್ದ ಯಾರಿಗಾದರೂ ಗೊತ್ತಾಗಬೇಕಿತ್ತು.

28 ದಿನವನ್ನು ಮತ್ತೆ ಮೊದಲಿಂದ ಎಣಿಸಬೇಕಾ ಅಂತ ಡಾಕ್ಟರನ್ನು ಕೇಳಿದೆ. ಬೇಡ ಅಂದರು. ಉಳಿದೆರಡು ಔಷಧಿಗಳಿಗೆ ಇದರಿಂದ ತೊಂದರೆಯಿಲ್ಲ. ಆ್ಯಸಿಡಿಟಿ ಮಾತ್ರೆ ಬಿಡಿಸಿ, ಪೆಪ್ ಮುಂದುವರಿಸಿ, ಟೆಸ್ಟ್ ದಿನಾಂಕ ಒಂದೂ ತಪ್ಪದ ಹಾಗೆ ನೋಡಿಕೊಳ್ಳಿ ಅಂದರು. ಆರನೇ ವಾರದ ಟೆಸ್ಟ್ ನೆಗೆಟಿವ್. ಮೂರನೇ ತಿಂಗಳಿನದೂ ನೆಗೆಟಿವ್.

ಖಾಲಿ ಬಿಟ್ಟ ಕಾಲಂ

ಇನ್ನು ನನ್ನ ತಪ್ಪಿಗೆ ಬರೋಣ.

ನಮ್ಮ ಫಾರಂನಲ್ಲಿ ಒಂದು ಪ್ರಶ್ನೆ ಇದೆ: ಕಳೆದ ಆರು ತಿಂಗಳಲ್ಲಿ ಇಂಥ ಸಂಪರ್ಕ ಎಷ್ಟು ಸಲ, ಎಷ್ಟು ಜನರ ಜೊತೆ, ಎಷ್ಟು ಸಲ ಕಾಂಡೋಮ್ ಇಲ್ಲದೆ. ಶಂಕರನ ಫಾರಂನಲ್ಲಿ ಆ ಕಾಲಂ ಖಾಲಿ. ನಾನು ಕೇಳಲೇ ಇಲ್ಲ. ಅವನು ತಲೆ ತಗ್ಗಿಸಿ ಕೂತಿದ್ದ, ನನಗೂ ಮುಜುಗರ ಆಯಿತು, "ಆಮೇಲೆ ತುಂಬೋಣ" ಅಂತ ಮುಂದೆ ಹೋದೆ. ಹತ್ತು ವರ್ಷ ಈ ಕುರ್ಚಿಯಲ್ಲಿ ಕೂತವಳಿಗೆ ಇನ್ನೂ ಮುಜುಗರವಾ ಅಂತ ಕೇಳಿದರೆ, ಹೌದು, ಎದುರು ಕೂತವನು ತಮ್ಮನ ಹಾಗೆ ಕಂಡರೆ ಆಗುತ್ತದೆ.

ಮೂರನೇ ತಿಂಗಳ ರಿಪೋರ್ಟ್ ಕೊಟ್ಟ ದಿನ ಅವನು ಕಣ್ಣು ಒರೆಸಿಕೊಂಡು ಹೇಳಿದ: "ಇನ್ನೊಂದ್ಸಲ ಹಿಂಗಾಗಲ್ಲ ಮೇಡಂ. ಮಾತು ಕೊಡ್ತೀನಿ."

ನಾನು ಮಾತು ತೆಗೆದುಕೊಂಡೆ. "ಗುಡ್, ಹಾಗೇ ಇರಿ" ಅಂದೆ. ಫೈಲಿನಲ್ಲಿ "ಕೌನ್ಸೆಲಿಂಗ್ ಪೂರ್ಣ" ಅಂತ ಬರೆದೆ. ಪ್ರೆಪ್ ಅನ್ನುವ ಪದ ನನ್ನ ಬಾಯಿಂದ ಬರಲಿಲ್ಲ. ಒಂದು ಸಲದ ಆಕಸ್ಮಿಕ, ಮುಗಿಯಿತು ಅಂದುಕೊಂಡೆ. ಆರನೇ ತಿಂಗಳ ಟೆಸ್ಟ್‌ಗೆ ಒಂದು ದಿನಾಂಕ ಬರೆದುಕೊಟ್ಟು ಕಳಿಸಿದೆ.

ಎರಡನೇ ಸಲ: 66 ಗಂಟೆ

ಆ ದಿನಾಂಕಕ್ಕೆ ಇನ್ನೂ ಒಂದು ತಿಂಗಳಿತ್ತು. ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವಾಗ ಶಂಕರ ಮೆಟ್ಟಿಲ ಮೇಲೆ ಕೂತಿದ್ದ. ಘಟನೆ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಈ ಸಲ ಕಾಂಡೋಮ್ ಹರಿದಿರಲಿಲ್ಲ, ಇರಲೇ ಇಲ್ಲ. 66 ಗಂಟೆ.

ದಾರಿ ಗೊತ್ತಿರುವವನು, 1097 ಗೊತ್ತಿರುವವನು, ನನ್ನ ನಂಬರ್ ಇರುವವನು ಮೊದಲ ಸಲಕ್ಕಿಂತ 24 ಗಂಟೆ ತಡವಾಗಿ ಬಂದಿದ್ದ. ಯಾಕೆ ಅಂತ ಕೇಳಿದೆ. ಮೊದಲ ಬಾರಿಗೆ ಅವನ ಬಾಯಲ್ಲಿ ಮೇಡಂ ಹೋಗಿ ಅಕ್ಕ ಬಂತು.

"ಸೋಮವಾರ ಸಂಜೆ ಇಲ್ಲಿಗಂಟ ಬಂದಿದ್ದೆ ಕಣಕ್ಕ. ನೀವು ಒಳಗೆ ಕೂತಿದ್ದು ಕಾಣಿಸ್ತು. ಮಾತು ಕೊಟ್ಟಿದ್ನಲ್ಲ, ಯಾವ ಮುಖ ಇಟ್ಕೊಂಡು ಬರ್ಲಿ ಅಂತ ವಾಪಸ್ ಹೋದೆ."

ಕೊಟ್ಟ ಮಾತಿಗೆ ತಪ್ಪಬಾರದು ಅಂತ ನಮ್ಮ ಕಡೆ ಅನ್ನದ ಜೊತೆಗೇ ಉಣಿಸಿ ಬೆಳೆಸುತ್ತಾರೆ. ಅಂಥವನ ಹತ್ತಿರ ನಾನು ಮಾತು ಪಡೆದು ಜೇಬಿಗೆ ಹಾಕಿಕೊಂಡಿದ್ದೆ. ಆಸ್ಪತ್ರೆಯ ಕೌಂಟರಿನ ಹುಡುಗಿ ಅವನನ್ನು ಒಂದು ಸಂಜೆ ತಡೆದಳು. ನಾನು ಎರಡು ರಾತ್ರಿ ತಡೆದೆ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭ. ಸೋಮವಾರ ಬಾಗಿಲಿಂದ ವಾಪಸ್ ಹೋದವನು ಒಬ್ಬ ಗೆಳೆಯನಿಗೆ ಫೋನ್ ಮಾಡಿದ್ದಾನೆ. ಆ ಗೆಳೆಯ ಪ್ರೆಪ್ ತೆಗೆದುಕೊಳ್ಳುವವನು. "ಎರಡು-ಒಂದು-ಒಂದು ಅಂತ ಇದೆ, ನನ್ನ ಮಾತ್ರೆ ಕೊಡ್ತೀನಿ" ಅಂದನಂತೆ. ಸೋಮವಾರ ರಾತ್ರಿ ಹತ್ತಕ್ಕೆ ಎರಡು ನುಂಗಿದ, ಮಂಗಳವಾರ ರಾತ್ರಿ ಒಂದು. ನಿಶ್ಚಿಂತೆಯಿಂದ ಮಲಗಲು ಹೋದವನು ನಡುರಾತ್ರಿ ಮೊಬೈಲಿನಲ್ಲಿ ಓದುತ್ತಾ ಎದ್ದು ಕೂತಿದ್ದಾನೆ. ಆ ಎರಡು ಮಾತ್ರೆ ಸಂಪರ್ಕಕ್ಕೆ ಮೊದಲು ನುಂಗಬೇಕಿತ್ತು.

ಎರಡು-ಒಂದು-ಒಂದು ಅನ್ನುವ ಕ್ರಮ ನಿಜವಾಗಿಯೂ ಇದೆ. ಗಂಡಸರ ಜೊತೆ ಸಂಪರ್ಕ ಇರುವ ಗಂಡಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಒಪ್ಪಿತು. ಸಂಪರ್ಕಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಮೊದಲ ಡೋಸಿನಿಂದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಹೆಂಗಸರಿಗೆ ಇದು ಅಲ್ಲ, ಹೆಪಟೈಟಿಸ್ ಬಿ ಇರುವವರಿಗೂ ಅಲ್ಲ. ಮತ್ತು ಸಂಪರ್ಕ ಆಗಿ 30 ಗಂಟೆ ಕಳೆದ ಮೇಲೆ ನುಂಗಿದ ಎರಡು ಮಾತ್ರೆ ಪ್ರೆಪ್ಪೂ ಅಲ್ಲ, ಪೆಪ್ಪೂ ಅಲ್ಲ.

ಮೂರು ಮತ್ತು ಎರಡರ ವ್ಯತ್ಯಾಸ ಇಲ್ಲಿದೆ. ಮೊದಲೇ ರಕ್ತದಲ್ಲಿ ಔಷಧಿ ತುಂಬಿದ್ದರೆ ಬರುವ ವೈರಸ್ಸಿಗೆ ಬೇರೂರುವ ಅವಕಾಶವೇ ಸಿಗುವುದಿಲ್ಲ, ಎರಡು ಸಾಕು. ವೈರಸ್ ಒಳಗೆ ಬಂದು ಕೆಲಸ ಶುರು ಮಾಡಿರಬಹುದು ಅಂದಾಗ ಮೂರರ ಬಲ ಬೇಕು. ಸೋಂಕು ಆಗಿಬಿಟ್ಟಿದ್ದು ಗೊತ್ತಿಲ್ಲದೆ ಎರಡನ್ನೇ ನುಂಗುತ್ತಾ ಹೋದರೆ ವೈರಸ್ ಆ ಎರಡನ್ನೂ ಎದುರಿಸಲು ಕಲಿತುಬಿಡುತ್ತದೆ. ಮುಂದೆ ಚಿಕಿತ್ಸೆಗೆ ಬೇಕಾಗುವುದೂ ಅದೇ ಗುಂಪಿನ ಔಷಧಿಗಳು.

ಡಾಕ್ಟರು ಮೊದಲು ಜ್ವರ, ಗಂಟಲುನೋವು, ಮೈಮೇಲೆ ಗಂಧೆ ಏನಾದರೂ ಇತ್ತಾ ಅಂತ ಕೇಳಿದರು. ಹಿಂದಿನ ವಾರಗಳಲ್ಲೇ ಸೋಂಕಾಗಿದ್ದರೆ ಅಂಥ ಗುರುತು ಇರಬಹುದು. ಏನೂ ಇರಲಿಲ್ಲ. ರ‍್ಯಾಪಿಡ್ ಟೆಸ್ಟ್ ನೆಗೆಟಿವ್. ಗೆಳೆಯನ ಮೂರು ಮಾತ್ರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇವತ್ತೇ ಒಂದನೇ ದಿನ ಅಂದರು. ಹತ್ತೂ ಮುಕ್ಕಾಲಿಗೆ ಮೂರು ಔಷಧಿಯ ಮೊದಲ ಮಾತ್ರೆ ನುಂಗಿದ. ಆ್ಯಸಿಡಿಟಿ ಮಾತ್ರೆಯ ಮಾತನ್ನು ಈ ಸಲ ಅವನೇ ನನಗೆ ಹೇಳಿದ.

ಆಮೇಲೆ ಬಾಗಿಲು ಮುಂದೆ ಮಾಡಿ, ಹಳೆಯ ಫಾರಂ ತೆಗೆದು, ಖಾಲಿ ಕಾಲಂ ತೋರಿಸಿದೆ. "ಇದು ನಾನು ಅವತ್ತು ಕೇಳದೆ ಬಿಟ್ಟಿದ್ದು. ನಿನ್ನ ತಪ್ಪಲ್ಲ, ನನ್ನದು. ಈಗ ತುಂಬೋಣವಾ?" ನೀವು ಹೋಗಿ ನೀನು ಬಂದಿದ್ದು ನನಗೆ ಆಮೇಲೆ ಗೊತ್ತಾಯಿತು. ತಿಂಗಳಿಗೆ ಎರಡು ಮೂರು ಸಲ. ಕಾಂಡೋಮ್ ಇರುವುದು ಹೆಚ್ಚು ಸಲ, ಇಲ್ಲದಿರುವುದೂ ಉಂಟು. ಮೊದಲ ಘಟನೆಗೂ ಮುಂಚಿನಿಂದ ಹೀಗೇ. ಮೊದಲ ದಿನವೇ ಈ ಅಂಕಿ ಕಾಲಂನಲ್ಲಿ ಇದ್ದಿದ್ದರೆ, 29ನೇ ದಿನಕ್ಕೆ ಅವನ ಕೈಯಲ್ಲಿ ಪ್ರೆಪ್ ಇರುತ್ತಿತ್ತು.

ನಾಯಿ ಕಚ್ಚುವ ಮೊದಲು

ಪ್ರೆಪ್ ಅಂದಾಗ ಅವನು ಸುಲಭಕ್ಕೆ ಒಪ್ಪಲಿಲ್ಲ. ದಿನಾ ಮಾತ್ರೆ ಅಂದರೆ ರೋಗಿ ಆದ ಹಾಗಲ್ವಾ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ತಗೊಂಡ್ರೆ, ನಾನು ಮುಂದೇನೂ ಇದನ್ನೇ ಮಾಡ್ತೀನಿ ಅಂತ ಒಪ್ಕೊಂಡಂಗೆ ಅಲ್ವಾ ಅಕ್ಕ?" ಅಂದ. ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ನಿಜ ಹೇಳಬೇಕಂದರೆ ನನ್ನೊಳಗೂ ಅಂಥದೇ ಒಂದು ಅಳುಕು ಇತ್ತು. ಹಾಗಾಗಿಯೇ ಎರಡು ತಿಂಗಳ ಕೆಳಗೆ ಆ ಪದ ಬಾಯಿಗೆ ಬರಲಿಲ್ಲ ಅನಿಸುತ್ತದೆ.

ಡಾಕ್ಟರು ನಾಯಿಯ ಉದಾಹರಣೆ ಕೊಟ್ಟರು. ಬೆಂಗಳೂರಿನಲ್ಲಿ ಬೀದಿ ನಾಯಿ ಕಚ್ಚಿದರೆ ಎಲ್ಲರೂ ಓಡಿ ಹೋಗಿ ರೇಬಿಸ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಪಶುವೈದ್ಯರು ಕಚ್ಚುವುದಕ್ಕೆ ಮೊದಲೇ ಹಾಕಿಸಿಕೊಂಡಿರುತ್ತಾರೆ. ಅವರೇನು ನಾಯಿ ಕೈಲಿ ಕಚ್ಚಿಸಿಕೊಳ್ಳಲು ಹೊರಟವರಲ್ಲ, ನಾಯಿಗಳ ನಡುವೆ ಕೆಲಸ ಅಷ್ಟೇ. ಶಂಕರ ನಕ್ಕ. ಹೋಲಿಕೆ ಪೂರ್ತಿ ಸರಿಯಿಲ್ಲ, ಲಸಿಕೆ ಮೈಗೆ ಪಾಠ ಕಲಿಸುತ್ತದೆ, ಪ್ರೆಪ್ ರಕ್ತದಲ್ಲಿ ಇರುವಷ್ಟು ದಿನ ಮಾತ್ರ ಕೆಲಸ ಮಾಡುತ್ತದೆ. ಆದರೂ ಆ ನಗುವಿನಿಂದ ಕೆಲಸ ಆಯಿತು.

ದಿನಾ ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಬರುವ ಅಪಾಯ ಸುಮಾರು ಶೇ. 99ರಷ್ಟು ಕಡಿಮೆಯಾಗುತ್ತದೆ. ತಪ್ಪಿಸಿದರೆ ಆ ಅಂಕಿಯೂ ತಪ್ಪುತ್ತದೆ. ಇಂಜೆಕ್ಷನ್ ಇಲ್ವಾ ಅಂತ ಕೇಳಿದ, ಬಾಟಲಿಯ ಸದ್ದಿನ ನೆನಪಿರಬೇಕು. ಇದೆ. ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್‌ಗೆ ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್‌ಗೆ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ನಡೆದ ಪರೀಕ್ಷೆಯಲ್ಲಿ ಲೆನಕಾಪವಿರ್ ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ಆಗಲಿಲ್ಲ. ನಮ್ಮ ಕ್ಲಿನಿಕ್ಕಿನ ಕಪಾಟಿನಲ್ಲಿ ಇರುವುದು ಮಾತ್ರೆ. ಅದರಿಂದಲೇ ಶುರು ಮಾಡಿದೆವು.

28ನೇ ದಿನ ಪೆಪ್ ಮುಗಿಯಿತು. ಎಚ್‌ಐವಿ ಟೆಸ್ಟ್ ನೆಗೆಟಿವ್, ಕ್ರಿಯಾಟಿನಿನ್ ಸರಿ, ಹೆಪಟೈಟಿಸ್ ಬಿ ಇಲ್ಲ. ಇದೇ ನಡುವೆ ಅದರ ಲಸಿಕೆಯ ಮೂರನೇ ಡೋಸೂ ಆಯಿತು. ಮರುದಿನ ಬೆಳಿಗ್ಗೆಯೇ ಪ್ರೆಪ್, ಒಂದು ದಿನವೂ ಬಿಡುವಿಲ್ಲದೆ. ನಡುವೆ ಒಂದು ವಾರ ವಿಶ್ರಾಂತಿ ಕೊಡೋಣವಾ ಅಂತ ನಾನು ಕೇಳಿದ್ದಕ್ಕೆ ಡಾಕ್ಟರು ಸಿಟ್ಟಾದರು. "ಆ ಒಂದು ವಾರ ಅವನು ಸನ್ಯಾಸಿ ಆಗಿರ್ತಾನಾ?"

ಆಮೇಲಿನ ತಿಂಗಳುಗಳು

ಪ್ರೆಪ್‌ನಲ್ಲಿ ಇರುವವರು ಮೂರು ತಿಂಗಳಿಗೊಮ್ಮೆ ಟೆಸ್ಟ್‌ಗೆ ಬರಬೇಕು. ಮೊದಲ ಸಲ ಬಂದಾಗ ಎಚ್‌ಐವಿ ನೆಗೆಟಿವ್, ಆದರೆ 0.9 ಇದ್ದ ಕ್ರಿಯಾಟಿನಿನ್ 1.4ಕ್ಕೆ ಏರಿತ್ತು. ಟೆನೊಫೊವಿರ್ ಕೆಲವರಲ್ಲಿ ಕಿಡ್ನಿಗೆ ತೊಂದರೆ ಕೊಡಬಹುದು, ಹಾಗಾಗಿ ಮಾತ್ರೆ ನಿಲ್ಲಿಸುವ ಮಾತು ಬಂತು. ನಿಲ್ಲಿಸುವ ಮೊದಲು ಡಾಕ್ಟರು ಅವನ ತೋಳು ನೋಡಿ ಕೇಳಿದರು: "ಜಿಮ್‌ಗೆ ಹೋಗ್ತೀಯಾ? ಪೌಡರ್ ಏನಾದ್ರೂ?" ಕ್ರಿಯಾಟಿನ್ ಪೌಡರ್, ದಿನಕ್ಕೊಂದು ಚಮಚ. ಅದು ಕಿಡ್ನಿ ಚೆನ್ನಾಗಿದ್ದರೂ ರಕ್ತದ ಕ್ರಿಯಾಟಿನಿನ್ ಏರಿಸಬಲ್ಲದು. ಪೌಡರ್ ಬಿಡಿಸಿ ಎರಡು ವಾರದ ನಂತರ ನೋಡಿದರೆ 1.0. ಮಾತ್ರೆ ಮುಂದುವರಿಯಿತು. ಪೌಡರ್ ಡಬ್ಬ ರೂಮ್‌ಮೇಟ್ ಪಾಲಾಯಿತಂತೆ.

ಹಬ್ಬಕ್ಕೆ ಊರಿಗೆ ಹೋದವನು ಬಾಟಲಿಯನ್ನು ಪಿ.ಜಿ.ಯಲ್ಲೇ ಬಿಟ್ಟು ಹೋದ. ಐದು ದಿನ ತಪ್ಪಿತು. ಮರೆತದ್ದಲ್ಲ, ಅಮ್ಮ ಬ್ಯಾಗು ಬಿಚ್ಚಿ ಬಟ್ಟೆ ಒಗೆಯಲು ಹಾಕುತ್ತಾರೆ ಅಂತ ಬೇಕೆಂದೇ ಬಿಟ್ಟಿದ್ದು. ವಾಪಸ್ ಬರುವಾಗ ಬಸ್ಸಿನಿಂದಲೇ ಫೋನ್ ಮಾಡಿದ. ಊರಿನಲ್ಲಿ ಸಂಪರ್ಕ ಏನೂ ಇರಲಿಲ್ಲ, ಹಾಗಾಗಿ ಗಾಬರಿಯಿಲ್ಲ. ಟೆಸ್ಟ್ ಮಾಡಿ ಮತ್ತೆ ಶುರು ಮಾಡಿದೆವು. ಈಗ ಊರಿಗೆ ಹೋಗುವಾಗ ಎಣಿಸಿ ಅಷ್ಟೇ ಮಾತ್ರೆಯನ್ನು ಪರ್ಸಿನ ಒಳಗೆ ಇಟ್ಟುಕೊಳ್ಳುತ್ತಾನೆ.

ಆರನೇ ತಿಂಗಳಲ್ಲಿ ಸಿಫಿಲಿಸ್ ಟೆಸ್ಟ್ ಪಾಸಿಟಿವ್ ಬಂತು. ಅವನಿಗೆ ಯಾವ ಗುರುತೂ ಕಂಡಿರಲಿಲ್ಲ. "ಇಷ್ಟು ಮಾತ್ರೆ ನುಂಗಿದ್ರೂ ಬಂತಲ್ಲಕ್ಕ," ಅಂತ ಬೇಜಾರು ಮಾಡಿಕೊಂಡ. ಈ ಮಾತ್ರೆ ಎಚ್‌ಐವಿಗೆ ಮಾತ್ರ, ಸಿಫಿಲಿಸ್, ಗೊನೊರಿಯಾಗಳಿಗೆ ಕಾಂಡೋಮೇ ಬೇಕು ಅಂತ ಇನ್ನೊಮ್ಮೆ ಹೇಳಿದೆ. 24 ಲಕ್ಷ ಯೂನಿಟ್ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್, ಒಂದೇ ದಿನ, ಎರಡೂ ಪೃಷ್ಠಕ್ಕೆ ಅರ್ಧರ್ಧ. ಕುಂಟುತ್ತಾ ಹೋದ. ಪ್ರೆಪ್‌ಗಾಗಿ ಬರದಿದ್ದರೆ ಈ ಸಿಫಿಲಿಸ್ ಯಾರಿಗೂ ಗೊತ್ತಾಗದೆ ಒಳಗೇ ಇರುತ್ತಿತ್ತು. ಎಚ್‌ಐವಿ ಇವತ್ತಿಗೂ ನೆಗೆಟಿವ್.

ನಾವು ಬದಲಿಸಿದ್ದು

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿತು. ನಾಲ್ಕೇ ದಿನದ ನಂತರ, ಸೆಪ್ಟೆಂಬರ್ 10ರಂದು, ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ ಜಾರಿಗೆ ಬಂತು. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ ಅಂತ ಅದರಲ್ಲಿದೆ. ಎರಡೂ ಕಾಗದದ ಮೇಲೆ ಗಟ್ಟಿ. ಆದರೆ ಆರು ಜನರ ಸಾಲಿನ ಮುಂದೆ ಕೇಳುವ "ಏನ್ ಪ್ರಾಬ್ಲಂ ಸಾರ್" ಇದೆಯಲ್ಲ, ಅದನ್ನು ಯಾವ ಕಾನೂನೂ ಮುಟ್ಟಿಲ್ಲ.

ನಮ್ಮ ಕೌಂಟರಿನಲ್ಲಿ ಈಗ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಇದೆ. ನಾಲ್ಕು ಸಾಲು, ದೊಡ್ಡ ಅಕ್ಷರ. ಬಾಯಿ ಬಿಡಬೇಕಿಲ್ಲ, ಬೆರಳಿಟ್ಟರೆ ಸಾಕು. ಎರಡನೇ ಸಾಲಿನಲ್ಲಿ "72 ಗಂಟೆಯೊಳಗಿನ ವಿಷಯ" ಅಂತ ಇದೆ. ಅದಕ್ಕೆ ಬೆರಳಿಟ್ಟವರು ಸಾಲು ಬಿಟ್ಟು ನೇರ ಒಳಗೆ ಬರುತ್ತಾರೆ. ಹಾಳೆಯ ಮಾತುಗಳನ್ನು ಬರೆದದ್ದು ಶಂಕರನೇ. ನಾನು ಬರೆದಿದ್ದ ಮೊದಲ ಕರಡಿನಲ್ಲಿ "ಅಸುರಕ್ಷಿತ ಲೈಂಗಿಕ ಸಂಪರ್ಕ" ಅಂತ ಇತ್ತು. "ಇದರ ಮೇಲೆ ಯಾರು ಬೆರಳಿಡ್ತಾರಕ್ಕ?" ಅಂದ. ಭಾನುವಾರಕ್ಕೆ ಒಂದು ಫೋನ್ ನಂಬರ್ ಬಾಗಿಲ ಮೇಲೆ ಅಂಟಿಸಿದ್ದೇವೆ. ಸರದಿ ಪ್ರಕಾರ ಒಬ್ಬರು ಎತ್ತಿಕೊಳ್ಳುತ್ತೇವೆ.

ಆ ಕಾಲಂ ಈಗ ಫಾರಂನ ಕೊನೆಯಿಂದ ಮೊದಲ ಪುಟಕ್ಕೆ ಬಂದಿದೆ. ಮೊದಲ ಮಾತ್ರೆ ನುಂಗಿಸಿದ ತಕ್ಷಣ ಅದನ್ನೇ ಕೇಳುತ್ತೇನೆ. "ಇನ್ನೊಂದ್ಸಲ ಹೀಗಾಗಲ್ಲ" ಅಂತ ಯಾರಾದರೂ ಅಂದರೆ ಮಾತು ತೆಗೆದುಕೊಳ್ಳುವುದಿಲ್ಲ. "ಆದರೆ ಅವತ್ತೇ ಬನ್ನಿ" ಅನ್ನುತ್ತೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಶಂಕರ ತನ್ನ ಟೆಸ್ಟ್ ದಿನಾಂಕ ಅಲ್ಲದಿದ್ದರೂ ಬಂದ. ಜೊತೆಗೆ ಇನ್ನೊಬ್ಬ ಹುಡುಗ, ಇವನಿಗಿಂತ ಚಿಕ್ಕವನು, ಟೋಪಿ ಕಣ್ಣಿನವರೆಗೆ ಎಳೆದುಕೊಂಡಿದ್ದ. ಶಂಕರ ಬೆಂಚಿನ ಮೇಲೆ ಕೂತು ಮೊಬೈಲ್ ನೋಡತೊಡಗಿದ. ಆ ಹುಡುಗ ಒಬ್ಬನೇ ಕೌಂಟರಿಗೆ ಹೋಗಿ, ಹಾಳೆ ಓದಿ, ಎರಡನೇ ಸಾಲಿನ ಮೇಲೆ ಬೆರಳಿಟ್ಟ. ಒಳಗೆ ಬಂದಾಗ ಎಷ್ಟು ಹೊತ್ತಾಯಿತು ಅಂತ ಕೇಳಿದೆ.

"ನಿನ್ನೆ ರಾತ್ರಿ ಒಂದು ಗಂಟೆ," ಅಂದ.

ಗೋಡೆ ಗಡಿಯಾರ ನೋಡಿದೆ. ಹತ್ತೂ ಕಾಲು. ಫಾರಂನಲ್ಲಿ ಒಂಬತ್ತೂ ಕಾಲು ಗಂಟೆ ಅಂತ ಬರೆದು ನೀರು ತರಲು ಎದ್ದೆ.